ಹಗ್ಗದೊಳಗಿನ ತಾಸು

ನಮ್ಮೂರಿನ ಶಾಲೆಗೆ ಬರುವ ಅನುದಾನವೆಂದರೆ ದಿನಕ್ಕೊಂದು ತಾಸು, ಅಷ್ಟೇ. ಸಂಜೆ ನಾಲ್ಕು ಹೊಡೆಯುವಾಗ ಪುಂಡಿನಾರಿನ ಹಗ್ಗದ ಒಳಗೆ ಯಾರಿರುತ್ತಾರೋ ಆ ತಾಸು ಅವರದು. ಹೊರಗಿದ್ದವರಿಗೆ ನಾಲ್ಕರ ಬೆನ್ನಿಗೇ ಐದು. ಬಾಯಿಗಿಟ್ಟ ಚಹಾ ಬಾಯಲ್ಲೇ ಇರುತ್ತದೆ, ಬೇವಿನ ಮರದ ನೆರಳು ಮಾತ್ರ ಮಾರುದ್ದ ಸರಿದಿರುತ್ತದೆ. ಹಗ್ಗದೊಳಗೆ ಇಪ್ಪತ್ತು ಜನರಿಗಷ್ಟೇ ಜಾಗ. ಒಂದು ವರ್ಷ ಊರಿನ ಅಧ್ಯಕ್ಷರು ತಮ್ಮ ಮೊಮ್ಮಗಳನ್ನೂ ತುರುಕಿ ಇಪ್ಪತ್ತೊಂದು ಮಾಡಿದರು. ಗಂಟೆ ಹೊಡೆದದ್ದೇ ತಡ, ಒಳಗಿದ್ದವರಿಗೂ ಐದಾಯಿತು. ಆ ದಿನದ ತಾಸು ಯಾರಿಗೂ ದಕ್ಕಲಿಲ್ಲ. ಆಮೇಲೆ ಹಗ್ಗದೊಂದಿಗೆ ಯಾರೂ ಚೌಕಾಸಿ ಮಾಡಲು ಹೋಗಿಲ್ಲ.

ನಾನು ಆ ಶಾಲೆಯ ಆಟದ ಟೀಚರು. ಚಂಪಾವತಿ ಎಂಬ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ, ಊರಿಗೆಲ್ಲ ನಾನು ಆಟದ ಅಕ್ಕೋರು. ಹತ್ತೊಂಬತ್ತು ವರ್ಷ ಆ ಹಗ್ಗ ನನ್ನ ಖೋಖೋ ಅಂಗಳದ ಸುತ್ತಲೇ ಇತ್ತು. ಅಟ್ಟುವ ಹುಡುಗಿಯರು ಒಂಬತ್ತು, ಓಡುವವರು ಒಂಬತ್ತು, ನಾನು, ಮತ್ತೆ ಗಂಟೆ ಹೊಡೆಯುವ ಜವಾನ ದುರಗಪ್ಪ. ಅಲ್ಲಿಗೆ ಇಪ್ಪತ್ತಾಯಿತು. ಗಂಟೆಯನ್ನು ಹಗ್ಗದ ಒಳಗಿನಿಂದಲೇ ಹೊಡೆಯಬೇಕು, ಅದನ್ನೂ ದುರಗಪ್ಪನ ಮನೆತನದವರೇ ಹೊಡೆಯಬೇಕು. ಬೇರೆಯವರ ಕೈಗೆ ಅದು ಬರೀ ಕಬ್ಬಿಣ. ಹೊಡೆದಾದ ಮೇಲೆ ಅವನು ಬೇಲಿಗೊರಗಿ ತಾಸುಪೂರ್ತಿ ಗೊರಕೆ ಹೊಡೆಯುತ್ತಿದ್ದ. ಒಮ್ಮೆ ಲೆಕ್ಕ ಹಾಕಿ ನೋಡಿದೆ: ವರ್ಷಕ್ಕೆ ಇನ್ನೂರು ದಿನದಂತೆ ನನ್ನ ಓರಗೆಯವರಿಗಿಂತ ಐದು ತಿಂಗಳು ನಾನು ಹೆಚ್ಚು ಬದುಕಿದ್ದೇನೆ. ದುರಗಪ್ಪ ಐದು ತಿಂಗಳು ಹೆಚ್ಚು ಮಲಗಿದ್ದಾನೆ.

ಹಗ್ಗದೊಳಗೆ ಆಡುವ ಹುಡುಗಿಯರಿಗೆ ಹಸಿವು ಜಾಸ್ತಿ, ಲಂಗ ಬೇಗ ಗಿಡ್ಡವಾಗುತ್ತದೆ. ತಾಯಂದಿರು ಮೊದಲೇ ಎರಡು ಮಡಿಕೆ ಹೆಚ್ಚಿಗೆ ಹೊಲಿಸಿಟ್ಟಿರುತ್ತಾರೆ. ಐದಕ್ಕೆ ಮನೆಗೆ ಹೋದರೆ ನೀರು, ಕಸ, ಬಟ್ಟೆ, ಅಳುವ ತಮ್ಮ. ಆ ಒಂದು ತಾಸಿನಲ್ಲಿ ಮಾತ್ರ ಯಾವ ತಾಯಿಯೂ ಮಗಳನ್ನು ಕೂಗಿ ಕರೆಯಲಾರಳು, ಏಕೆಂದರೆ ತಾಯಿಯ ಪಾಲಿಗೆ ಆ ತಾಸು ಇಲ್ಲವೇ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ವರ್ಷದ ಹಗ್ಗ ಯಾರಿಗೆಂದು ಊರು ತೀರ್ಮಾನಿಸುವ ಜೂನ್ ತಿಂಗಳ ಸಭೆಯಲ್ಲಿ ಹಗ್ಗ ಕೇಳಲು ಎದ್ದಾಗ ನಾನು ಇದನ್ನು ಹೇಳುತ್ತಿರಲಿಲ್ಲ. ಖೋಖೋದಲ್ಲಿ ಗೆದ್ದ ಕಪ್ಪುಗಳನ್ನು ಉಜ್ಜಿ ತಂದು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದೆ. ನಮ್ಮೂರಿನವರು ಗೆದ್ದೆತ್ತಿನ ಬಾಲ ಹಿಡಿಯುವವರು, ಅವರಿಗೆ ಅಷ್ಟು ಸಾಕಾಗುತ್ತಿತ್ತು.

ಎದುರಾಳಿ ಎಂದರೆ ಗಣಿತದ ಇಟಗಿ ಮಾಸ್ತರರು. ಶಾಲೆಯಲ್ಲಿ ಬಹಳ ಚುರುಕಾದ ಐದಾರು ಮಕ್ಕಳನ್ನು ಆರಿಸಿ 'ಜಾಣರ ವರ್ಗ' ಎಂದು ಹೆಸರಿಟ್ಟು, ಅವರಿಗೆ ಪಾಠ ಮಾಡಲು ಹೊತ್ತೇ ಇಲ್ಲದೆ ಒದ್ದಾಡುತ್ತಿದ್ದರು. ಆ ವರ್ಷವೂ ಸಭೆಯಲ್ಲಿ ಎದ್ದು ನಿಂತರು. ಅಂಗಿಯ ತುಂಬ ಸುಣ್ಣದ ಕಡ್ಡಿಯ ಪುಡಿ.

"ಮಾಸ್ತರ, ನಿಮ್ಮ ಜಾಣರು ಏನ್ ತಂದಾರ ತೋರಸ್ರಿ" ಎಂದರು ಅಧ್ಯಕ್ಷ ಗೂಳಪ್ಪನವರು.

"ವಿಚಾರ ಮಾಡಿದ್ದಕ್ಕ ಯಾರೂ ಕಪ್ ಕೊಡೋದಿಲ್ರಿ" ಎಂದರು ಮಾಸ್ತರರು. "ಫೆಬ್ರುವರಿಯೊಳಗ ವಸತಿ ಶಾಲೆ ಪರೀಕ್ಷೆ ಐತಿ. ನಮ್ಮ ಭಾಗಕ್ಕ ಒಂದ ಸೀಟು. ಒಂದ ವರ್ಷ ಹಗ್ಗ ಕೊಡ್ರಿ, ನಾ ಮತ್ತ ಕೇಳಂಗಿಲ್ಲ."

ನಾನು ಎದ್ದೆ. "ಜಾಣ ಮಕ್ಕಳು ತಿಪ್ಪಿ ಮ್ಯಾಲ ಕುಂತ್ರೂ ಜಾಣರೇ. ಓಡೋ ಮಕ್ಕಳಿಗೆ ನೆಲಾ ಬೇಕ್ರಿ, ಹೊತ್ತು ಬೇಕ್ರಿ!"

ಜನ ಚಪ್ಪಾಳೆ ಹೊಡೆದರು. ಮಾಸ್ತರರು ಕುಳಿತರು. ಮೂರನೆಯ ವರ್ಷವೂ ಸೋತ ಮನುಷ್ಯನನ್ನು ನೋಡಿ ನನಗೆ ಒಂದಿಷ್ಟೂ ಅಯ್ಯೋ ಅನ್ನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಮನೆಗೆ ಹೋಗಿ ಸಿಹಿ ಸಜ್ಜಕ ಮಾಡಿಕೊಂಡು ತಿಂದೆ.

ಒಂದು ವಿಷಯ ಮಾತ್ರ ಆ ಸಭೆಯಲ್ಲಿ ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಅವರ ಜಾಣರ ವರ್ಗದಲ್ಲಿ ಎಲ್ಲರಿಗಿಂತ ಜಾಣೆ, ನನ್ನ ತಂಡದಲ್ಲಿ ಎಲ್ಲರಿಗಿಂತ ಚುರುಕು, ಒಬ್ಬಳೇ ಹುಡುಗಿ: ಫಕೀರವ್ವ. ಹನ್ನೆರಡು ವರ್ಷ. ಅವಳ ತಾಯಿ ಕಾಶವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಐದಕ್ಕೆ ಮನೆ ಮುಟ್ಟಿದ ಫಕೀರವ್ವ ಒಲೆಯ ಮುಂದೆ ಕುಳಿತರೆ ಏಳುವುದು ಊಟದ ಹೊತ್ತಿಗೆ, ಉಂಡರೆ ನಿದ್ದೆ. ಜಾಣರ ವರ್ಗದ ಉಳಿದ ಮಕ್ಕಳಿಗೆ ಮನೆಯಲ್ಲಿ ಮೇಜು, ದೀಪ, ಓದು ಎಂದು ಗದರುವ ಅಪ್ಪ, ಎಲ್ಲ ಇದ್ದವು. ಇವಳಿಗೆ ಇಡೀ ದಿನದಲ್ಲಿ ತನ್ನದೆಂದು ಇದ್ದದ್ದು ಹಗ್ಗದೊಳಗಿನ ತಾಸೊಂದೇ, ಅದನ್ನು ನಾನು ಆಟಕ್ಕೆ ಹಿಡಿದುಕೊಂಡಿದ್ದೆ.

ಖೋಖೋದಲ್ಲಿ ಅಟ್ಟುವ ಕಡೆಯ ಎಂಟು ಮಂದಿ ಸಾಲಾಗಿ ಚೌಕಗಳಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ, ಒಬ್ಬಳು ಅಟ್ಟುತ್ತಾಳೆ. ಅಟ್ಟುವವಳು ಬೆನ್ನು ಮುಟ್ಟಿ 'ಖೋ' ಅಂದಾಗ ಕುಳಿತವಳು ಚಂಗನೆ ಎದ್ದು ಓಡಬೇಕು. ಫಕೀರವ್ವನದು ನಾಲ್ಕನೆಯ ಚೌಕ. ಆಗಸ್ಟ್ ತಿಂಗಳ ಒಂದು ದಿನ ಬೆನ್ನಿಗೆ ಪಟ್ಟೆಂದು ಬಿದ್ದರೂ ಅವಳು ಏಳಲಿಲ್ಲ. ಹತ್ತಿರ ಹೋಗಿ ನೋಡಿದರೆ ಮುಂದಿನ ಮಣ್ಣಿನಲ್ಲಿ ಬೆರಳಿನಿಂದ ಏನೇನೋ ಅಂಕಿ, ಗೆರೆ, ತ್ರಿಕೋನ ಬರೆದುಕೊಂಡಿದ್ದಾಳೆ. ನಾನು ಬೂಟುಗಾಲಿನಿಂದ ಒರೆಸಿಬಿಟ್ಟೆ. ಮರುದಿನ ಮತ್ತೆ ಬರೆದಿದ್ದಳು. ಮತ್ತೆ ಒರೆಸಿದೆ. ಮೂರನೆಯ ದಿನ ಕಿವಿ ಹಿಡಿದೆ.

"ಒರಸ್ರಿ ಅಕ್ಕೋರ, ಅಡ್ಡಿಯಿಲ್ಲ" ಎಂದಳು. ಎದುರುತ್ತರವಲ್ಲ, ನನ್ನನ್ನು ಸಮಾಧಾನ ಮಾಡುವ ದನಿ. "ತಲ್ಯಾಗ ಐತಿ ಅದು. ನಾಳೆ ಅಲ್ಲಿಂದನ ಮುಂದ ಬರೀತೀನಿ."

ಆಮೇಲೆ ಒರೆಸಲು ನನ್ನ ಕಾಲು ಏಳಲಿಲ್ಲ. ಐದಾದ ಮೇಲೆ ಸಿಟ್ಟಿನಿಂದಲೇ ಇಟಗಿ ಮಾಸ್ತರರಿಗೆ ಹೇಳಿದೆ, ನಿಮ್ಮ ಲೆಕ್ಕಗಳು ನನ್ನ ಅಂಗಳದಲ್ಲಿ ಹುಲ್ಲಿನಂತೆ ಎದ್ದಿವೆ ಎಂದು. ಅವರ ಮುಖ ಹಬ್ಬವಾಯಿತು. ಮರುದಿನ ನಾಲ್ಕಕ್ಕೆ ಇನ್ನೇನು ಒಂದು ನಿಮಿಷ ಇದೆ ಅನ್ನುವಾಗ ಹಗ್ಗದ ಹತ್ತಿರ ಓಡಿಬಂದು, ಒಂದು ಲೆಕ್ಕ ಬರೆದ ಚೀಟಿಯನ್ನು ಅವಳ ಕೈಗಿಟ್ಟರು. ದುರಗಪ್ಪ ಗಂಟೆ ಹೊಡೆದ. ಒಳಗಿನಿಂದ ನೋಡಿದರೆ ಹೊರಗಿನವರು ಗೋಡೆಗೆ ಬರೆದ ಚಿತ್ರ. ಮಾಸ್ತರರು ಚಾಚಿದ ಕೈಯನ್ನು ಚಾಚಿಕೊಂಡೇ, ಬಾಯಿ ಅರೆತೆರೆದುಕೊಂಡು ತಾಸುಪೂರ್ತಿ ಹಾಗೇ ನಿಂತಿದ್ದರು. ಮೂಗಿನ ಹತ್ತಿರ ಒಂದು ನೊಣವೂ ನಿಂತಿತ್ತು. ಹುಡುಗಿಯರು ಆ ಬದಿಗೆ ಓಡಿದಾಗಲೆಲ್ಲ ಕಿಸಕ್ಕನೆ ನಗುತ್ತಿದ್ದರು. ಐದಕ್ಕೆ ಫಕೀರವ್ವ ಅದೇ ಚಾಚಿದ ಕೈಯಲ್ಲಿ ಉತ್ತರದ ಚೀಟಿ ಇಟ್ಟಳು. ಮಾಸ್ತರರ ಪಾಲಿಗೆ ಲೆಕ್ಕ ಕೊಟ್ಟು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂದಿತ್ತು, ಕೊಟ್ಟ ಹುಡುಗಿ ಮಾತ್ರ ಬೆವರು ಧೂಳಿನಲ್ಲಿ ಮಿಂದಿದ್ದಳು.

ಸೆಪ್ಟೆಂಬರ್, ಅಕ್ಟೋಬರ್ ಹೀಗೇ ನಡೆಯಿತು. ಖೋ ಬಿದ್ದಾಗ ಎದ್ದು ಓಡುತ್ತಾಳೆ, ಮರಳಿ ಕೂತಾಗ ಬರೆಯುತ್ತಾಳೆ. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ. ಎರಡು ದೋಣಿಯ ಮೇಲೆ ಕಾಲಿಟ್ಟವರು ಏನಾಗುತ್ತಾರೆಂದು ಎಲ್ಲರಿಗೂ ಗೊತ್ತು, ಆದರೆ ಈ ಹುಡುಗಿ ದಾಟಿಬಿಟ್ಟಾಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನವೆಂಬರಿನಲ್ಲಿ ಲೆಕ್ಕಗಳು ಕಠಿಣವಾದವು. ಉತ್ತರಗಳು ತಪ್ಪತೊಡಗಿದವು. ಒಂದು ದಿನ, ಎರಡು ದಿನ, ಆಮೇಲೆ ವಾರವಿಡೀ. ಮಾಸ್ತರರು ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಅಕ್ಕೋರ, ಆಕಿ ಇದನ್ನ ಹೆಂಗ ಮಾಡ್ತಾಳ್ರಿ?"

"ಹೆಂಗ ಅಂದ್ರ? ಕುಂತು ಮಾಡ್ತಾಳ."

"ಅಲ್ರಿ, ಮೊದಲ ಏನ್ ಬರೀತಾಳ? ಎಲ್ಲಿ ನಿಲ್ಲತಾಳ? ಎಲ್ಲಿ ಅಳಸ್ತಾಳ?"

"ನನಗೇನ್ ತಿಳೀತೈತ್ರಿ ಅದು. ಉತ್ತರ ನಿಮ್ಮ ಕೈಯಾಗ ಐತೆಲ್ಲ."

"ಉತ್ತರ ತಗೊಂಡ್ ಏನ್ ಮಾಡ್ಲಿ?" ಎಂದರು. ಅಷ್ಟು ಮೆತ್ತಗಿನ ಮನುಷ್ಯ ಅಂದು ಮೊದಲ ಸಲ ದನಿ ಏರಿಸಿದ್ದರು. "ನೀವು ನಿಮ್ಮ ಹುಡುಗ್ಯಾರನ್ನ ಸ್ಕೋರ್ ನೋಡಿ ತಯಾರ್ ಮಾಡ್ತೀರೇನ್ರಿ? ಓಡೂದು ನೋಡದ? ಇಪ್ಪತ್ತೆಂಟ ವರ್ಷ ಆತು ನಾ ಕಲಸಾಕತ್ತು. ಇಂಥಾ ಹುಡುಗಿ ಒಬ್ಬಾಕಿ ಸಿಕ್ಕಾಳ, ಆಕಿ ವಿಚಾರ ಮಾಡೂದನ್ನ ನಾ ಒಂದ ದಿನಾನೂ ನೋಡಿಲ್ಲ. ನೋಡಾವರು ನೀವು. ನಿಮಗ ಅದು ತಿಳಿಯಂಗಿಲ್ಲ."

ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ಓಡುವ ಹುಡುಗಿಯ ಎಡಗಾಲು ತಿರುವಿನಲ್ಲಿ ಎಲ್ಲಿ ಜಾರುತ್ತದೆ ಎಂದು ನೋಡದೆ ಓಟ ಕಲಿಸು ಎಂದು ಯಾರಾದರೂ ನನಗೆ ಹೇಳಿದ್ದರೆ ನಾನು ಸೀಟಿಯನ್ನು ಅವರ ಮುಖಕ್ಕೆ ಎಸೆದು ಮನೆಗೆ ಹೋಗುತ್ತಿದ್ದೆ. ಈ ಮನುಷ್ಯ ಅದನ್ನೇ ತಿಂಗಳುಗಟ್ಟಲೆ ಮಾಡುತ್ತ ಬಂದಿದ್ದರು, ನನ್ನ ಕಪ್ಪುಗಳ ದೆಸೆಯಿಂದ. ಅವತ್ತಿನಿಂದ ಫಕೀರವ್ವ ಬರೆಯುವುದನ್ನು ಪಕ್ಕದಲ್ಲೇ ಕುಳಿತು ನೋಡಿದೆ. ನೋಡಿದಷ್ಟೂ ನನಗೆ ತಿಳಿದದ್ದು ಒಂದೇ: ಅವಳು ಒಂದು ಕಡೆ ಬಂದು ನಿಲ್ಲುತ್ತಾಳೆ, ತುಟಿ ಕಚ್ಚುತ್ತಾಳೆ, ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಪಕ್ಕದಲ್ಲಿ ತಿಳಿದವರು ಇರಬೇಕಿತ್ತು. ಇದ್ದದ್ದು ನಾನು.

ಮಾಸ್ತರರನ್ನು ಒಳಗೆ ಬಿಡಬೇಕೆಂದರೆ ಒಬ್ಬರು ಹೊರಗೆ ಹೋಗಬೇಕು. ದುರಗಪ್ಪ ಹೋಗುವಂತಿಲ್ಲ. ಹುಡುಗಿಯರ ಪಟ್ಟಿ ಹಿಡಿದು ಕುಳಿತೆ. ಒಬ್ಬಳ ತಾಯಿ ಹಾಸಿಗೆ ಹಿಡಿದಿದ್ದಾಳೆ, ಇನ್ನೊಬ್ಬಳಿಗೆ ಮನೆಯಲ್ಲಿ ಅವಳಿಜವಳಿ ತಮ್ಮಂದಿರನ್ನು ಎತ್ತಿಕೊಂಡು ಸೊಂಟವೇ ಸೊಟ್ಟಗಾಗಿದೆ, ಮಗದೊಬ್ಬಳು ಮಾತನಾಡುವುದೇ ಅಂಗಳದಲ್ಲಿ. ಯಾರ ಹೆಸರಿನ ಮೇಲೂ ಪೆನ್ನು ಓಡಲಿಲ್ಲ. ಕೊನೆಗೆ ಪಟ್ಟಿಯ ತಲೆಯಲ್ಲೇ ಇದ್ದ ನನ್ನ ಹೆಸರನ್ನು ಹೊಡೆದುಹಾಕಿದೆ.

ಮರುದಿನ ಫಕೀರವ್ವನನ್ನು ಕರೆದು, ಇನ್ನು ನೀನು ಚೌಕದಲ್ಲಿ ಕೂರುವುದು ಬೇಡ, ಮಾಸ್ತರರ ಜೊತೆ ಮೂಲೆಯ ಕಂಬದ ಹತ್ತಿರ ಕೂತು ಲೆಕ್ಕ ಮಾಡು ಎಂದೆ. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಗೊಳೋ ಎಂದು ಅತ್ತಳು.

"ನಾ ಏನ್ ತಪ್ಪ್ ಮಾಡೀನ್ರಿ ಅಕ್ಕೋರ? ಖೋ ಬಿದ್ರ ಏಳಾಕತ್ತೀನೆಲ್ಲ! ಎರಡೂ ಮಾಡ್ತೀನ್ರಿ!"

"ಎರಡೂ ಮಾಡೂ ಶಕ್ತಿ ನಿನಗೈತಿ ತಂಗಿ. ತಾಸು ಒಂದ ಐತಿ" ಎಂದೆ. ಅವಳ ಮೂಗನ್ನು ನನ್ನ ಸೆರಗಿನಿಂದ ಒರೆಸಿದೆ. ನನ್ನ ಕಣ್ಣನ್ನೂ ಒರೆಸಿಕೊಳ್ಳಬೇಕಾಯಿತು.

ಸುದ್ದಿ ಕೇಳಿ ಗೂಳಪ್ಪನವರು ಧಾವಿಸಿ ಬಂದರು. "ಅಕ್ಕೋರ, ತಲಿ ಕೆಟ್ಟೈತೇನು? ಸಾಕ್ರೇನು ಕಪ್ಪು? ಜನವರಿಯಾಗ ಫೈನಲ್ ಐತಿ, ಚಲೋ ಆಟಗಾರ್ತಿನ್ನ ತಗದೀರಿ, ನೀವೂ ಹೊರಗ ನಿಂತೀರಿ, ಕಲಸಾವರು ಯಾರು? ಈ ದುರಗ್ಯಾ ಏನು?" ಎಂದರು. ಹಗ್ಗ ಅಂಗಳದ ಸುತ್ತಲೇ ಇದೆ, ಸಭೆ ಹೇಳಿದ್ದು ಅಷ್ಟೇ, ಒಳಗೆ ಯಾರು ಅನ್ನುವುದು ನನ್ನ ಮರ್ಜಿ ಎಂದೆ. ಅವರು ಹೋಗುವಾಗ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಅವರು ಆಮೇಲೆ ತಾವೇ ನಾಚಿಕೊಂಡಿದ್ದಾರೆ.

ಅಲ್ಲಿಂದ ಮೂರು ತಿಂಗಳು ನಾನು ಹೊರಗೆ. ಹಗ್ಗದ ಪಕ್ಕದಲ್ಲಿ ನಿಲ್ಲುತ್ತಿದ್ದೆ, ನಾಲ್ಕು ಹೊಡೆಯುತ್ತಿತ್ತು, ಐದಾಗಿರುತ್ತಿತ್ತು. ಹುಡುಗಿಯರು ಈಗಷ್ಟೇ ಜಡೆ ಬಿಗಿದು ನಿಂತಿದ್ದವರು, ಈಗ ನೋಡಿದರೆ ಜಡೆ ಬಿಚ್ಚಿ, ಮೊಣಕಾಲು ತರಚಿ, ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಿದ್ದರು. ಯಾಕೆ ನಗುತ್ತಿದ್ದಾರೆಂದು ನನಗೆ ತಿಳಿಯುತ್ತಿರಲಿಲ್ಲ, ಕೇಳಿದರೆ ಹೇಳುತ್ತಿರಲಿಲ್ಲ. ನನ್ನ ಹತ್ತೊಂಬತ್ತು ವರ್ಷದಲ್ಲಿ ಅವರು ಹೀಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ, ಅದು ಸ್ವಲ್ಪ ಚುಚ್ಚಿತು. ಇಟಗಿ ಮಾಸ್ತರರು ಮೊದಲ ದಿನ ಹೊರಗೆ ಬಂದಾಗ ನನಗೆ ಕೈ ಮುಗಿದರು. ಆಮೇಲೆ, "ಕಾಲು ಭಾಗಾನ ಎರಡ ಸಲ ಕೂಡಸ್ತಾಳ್ರಿ, ಅಷ್ಟ ತಪ್ಪು. ಅಷ್ಟ! ಕುಂತು ನೋಡಿದ್ದಕ್ಕ ಕಣ್ಣಿಗೆ ಬಿತ್ತು" ಎಂದರು. ನನಗೆ ಅದೇನೆಂದು ಇಂದಿಗೂ ಗೊತ್ತಿಲ್ಲ. ನಾನೂ ಕೈ ಮುಗಿದೆ.

ಜನವರಿಯಲ್ಲಿ ಫೈನಲ್ ಸೋತೆವು. ಕಪ್ಪು ನೆರೆಯೂರಿಗೆ ಹೋಯಿತು. ಕಿರಾಣಿ ಅಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು, ಬೆನ್ನು ತಿರುಗಿಸಿದರೆ ಶುರುವಾಗುತ್ತಿತ್ತು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾದೀತೇ? ನಾಯಕಿ ಮಾಬೂಬಿ ಮಾತ್ರ ಸೋತು ಬಂದ ಸಂಜೆ ನನ್ನ ಪಕ್ಕದಲ್ಲಿ ಕುಳಿತು, "ಅಕ್ಕೋರ, ಮುಂದಿನ ವರ್ಷನೂ ನಮಗ ಹಗ್ಗ ಇರತೈತಲ್ರಿ?" ಎಂದು ಕೇಳಿದಳು. ಕಪ್ಪಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಹತ್ತೊಂಬತ್ತು ವರ್ಷ ಸಭೆಯ ಮುಂದೆ ಉಜ್ಜಿ ಉಜ್ಜಿ ಇಟ್ಟದ್ದು ಇವರಿಗೆ ಬೇಕಾಗಿಯೇ ಇರಲಿಲ್ಲ.

ಫಕೀರವ್ವನಿಗೆ ಸೀಟು ಸಿಕ್ಕಿತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಜನರನ್ನು ತುದಿಗಾಲಲ್ಲಿ ನಿಲ್ಲಿಸುವ ಚಾಳಿ ನನಗಿಲ್ಲ. ನಮ್ಮ ಭಾಗದ ಆ ಒಂದೇ ಸೀಟು ಅವಳದಾಯಿತು. ಕಾಶವ್ವ ಎರಡು ಡಜನ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಮ್ಮ ಮನೆಗೆ ಬಂದು, ನಾನು ಉಣ್ಣುವುದನ್ನು ಕುಳಿತು ನೋಡಿ ಹೋದಳು. ಆದರೆ ನನಗೆ ಹೇಳಬೇಕಾಗಿರುವುದು ಆ ಪರೀಕ್ಷೆಯ ದಿನದ ಸಂಗತಿ.

ಅಂದು ಬೆಳಗಿನ ಬಸ್ಸಿಗೇ ಮಾಸ್ತರರು ಅವಳನ್ನು ಕರೆದುಕೊಂಡು ಹೋಗಿದ್ದರು. ಸಂಜೆ ನಾನು ರೂಢಿಯಂತೆ ಹಗ್ಗದ ಹೊರಗೆ ನಿಂತಿದ್ದೆ. ಮನಸ್ಸು ಅಲ್ಲಿತ್ತು. ಕಾಲು ಎರಡು ಸಲ ಕೂಡಿಸದಿರಲಿ ತಾಯಿ, ಎಂದು ಯಾವ ದೇವರಿಗೆ ಹೇಳಿದೆನೋ. ದುರಗಪ್ಪ ಸುತ್ತಿಗೆ ಎತ್ತಿದವನು ಕೆಳಗಿಳಿಸಿದ.

"ಅಕ್ಕೋರ, ಇವತ್ತ ಎರಡ್ ಜಾಗಾ ಖಾಲಿ ಅದಾವ್ರಿ" ಎಂದ. "ಒಳಗ ಬರ್ರಿ. ಹಾಳ್ಯಾಕ ಹೋಗಬೇಕು."

ನಾನು ಹಗ್ಗ ದಾಟಿದೆ. ಗಂಟೆ ಬಿತ್ತು. ಬೀದಿಯಲ್ಲಿ ಸೈಕಲ್ ತುಳಿಯುತ್ತಿದ್ದವನು ತುಳಿಯುತ್ತಿದ್ದಂತೆಯೇ ನಿಂತ. ನಾನು ಬಂದದ್ದನ್ನು ಗಮನಿಸದ ಮಾಬೂಬಿ ಆಗಲೇ ಅಂಗಳದ ನಡುವೆ ನಿಂತಿದ್ದಳು. ಕೊರಳಿಗೆ ದಾರದಲ್ಲಿ ಸೀಟಿಯಂತೆ ಒಂದು ಹುಣಸೆಬೀಜ ಕಟ್ಟಿಕೊಂಡು, ಲಂಗವನ್ನು ಸೀರೆಯಂತೆ ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಕೂಗುತ್ತಿದ್ದಳು: "ಏ ಎಮ್ಮಿ! ಕಾಲ ಎತ್ತ ಅಂದ್ರ ಕಾಲ ಎತ್ತಬೇಕು! ಅವ್ವನ ಮನಿಗೆ ಹೊಂಟೀ ಏನ್ ಹಂಗ!" ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅದು ನಾನು. ನನ್ನ ನಡಿಗೆ, ನನ್ನ ಬೈಗುಳ, ಮೂಗು ಏರಿಸುವ ನನ್ನ ರೀತಿ. ಈ ಮೂರು ತಿಂಗಳು ದಿನಾಲೂ ಅವರು ನನ್ನನ್ನು ಒಳಗೆ ಇಟ್ಟುಕೊಂಡೇ ಆಡಿದ್ದರು.

ಯಾರೋ ನನ್ನನ್ನು ಕಂಡರು. ನಗು ಒಮ್ಮೆಲೇ ನಿಂತಿತು. ಮಾಬೂಬಿ ಹುಣಸೆಬೀಜವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಬಯ್ಯಬೇಕೆಂದು ಬಾಯಿ ತೆರೆದೆ, ಎಲ್ಲ ಬೈಗುಳವನ್ನೂ ಅವಳೇ ಆಡಿ ಮುಗಿಸಿದ್ದಳು. ನಗು ಬಂತು. ನಕ್ಕೆ. ನಗುತ್ತ ನಗುತ್ತ ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮಾಬೂಬಿ ನಿಧಾನಕ್ಕೆ ಹತ್ತಿರ ಬಂದಳು.

"ಅಕ್ಕೋರ, ನಮ್ಮ ಕಡೆ ಒಬ್ಬಾಕಿ ಕಮ್ಮಿ ಅದಾಳ್ರಿ. ನಾಕನೇ ಚೌಕ ಖಾಲಿ ಬಿಟ್ಟ ಆಡಾಕತ್ತೀವಿ."

"ಹುಚ್ಚಿ. ಐವತ್ತಮೂರು ವರ್ಷ ನನಗ."

"ಮ್ಯಾಲ ಐದ ತಿಂಗಳು" ಎಂದ ದುರಗಪ್ಪ ಬೇಲಿಯ ಬದಿಯಿಂದ, ಕಣ್ಣು ಮುಚ್ಚಿಕೊಂಡೇ.

ಸೀರೆ ಕಚ್ಚೆ ಹಾಕಿ ಬಿಗಿದೆ. ನಾಲ್ಕನೆಯ ಚೌಕದಲ್ಲಿ ಕುಳಿತೆ. ಮೊಣಕಾಲು ಕಟಕ್ಕೆಂದವು. ಇಷ್ಟು ವರ್ಷ ಆ ಸಾಲನ್ನು ಬದಿಯಲ್ಲಿ ನಿಂತು ನೋಡಿದವಳು ನಾನು, ಆ ಸಾಲಿನೊಳಗೆ ಕುಳಿತು ಬಲಕ್ಕೆ, ಎಡಕ್ಕೆ ನೋಡಿರಲಿಲ್ಲ. ಎರಡೂ ಕಡೆ ಬೆವರಿದ ಹೆಗಲುಗಳು, ಎಣ್ಣೆ ಹಾಕಿದ ಜಡೆಗಳು, ಮಣ್ಣಿನ ವಾಸನೆ. ಚೀಟಿ ಹಿಡಿದು ಕೇಳಲು ಬಂದ ಆ ಮೆತ್ತಗಿನ ಮನುಷ್ಯ ಇಲ್ಲದಿದ್ದರೆ, ಆ ಹುಡುಗಿ ಮಣ್ಣಿನಲ್ಲಿ ಗೀಚದೆ ಇದ್ದಿದ್ದರೆ, ನಾನು ಈ ಜಾಗಕ್ಕೆ ಬರುತ್ತಲೇ ಇರಲಿಲ್ಲ. ಅವರಿಬ್ಬರೂ ಆಗ ಯಾವುದೋ ಊರಿನಲ್ಲಿದ್ದರು, ಅವರ ಪಾಲಿಗೆ ಈ ಹೊತ್ತು ಇರಲೇ ಇಲ್ಲ. ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಆಗ ಬೆನ್ನಿನ ಮೇಲೆ ಒಂದು ಅಂಗೈ ಪಟ್ಟೆಂದು ಬಿತ್ತು.

"ಖೋ! ಏಳ್ರಿ ಅಕ್ಕೋರ!"

ಎದ್ದೆ. ಓಡಿದೆ.